ಡ್ರೈವರ್ ಏಳುತ್ತಿಲ್ಲ, ಡೆಬ್ ಕೂರುತ್ತಿಲ್ಲ, ಫೆಡೋರಾದಲ್ಲಿ ಕಂಪೈಲೂ ಆಗುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಿಗಾಗಿ ಯಂತ್ರಗಳ ತಾಪಮಾನ, ಕಂಪನ ದಾಖಲಿಸುವ ಓಪನ್ ಸೋರ್ಸ್ ತಂತ್ರಾಂಶ ಬರೆಯುತ್ತಿದ್ದೇವೆ. ಒಳಗಿನ ಭಾಗ ಸಿ ಭಾಷೆಯಲ್ಲಿ, ಪರದೆ ಪೈಥಾನ್‌ನಲ್ಲಿ. ಕೆಲವು ಕಡೆ ಪಿಸಿಐ ಎಕ್ಸ್‌ಪ್ರೆಸ್ ಡೇಟಾ ಕಾರ್ಡ್ ಇದೆ, ಅದರ ಡ್ರೈವರ್ ಸೋರ್ಸ್ ತಯಾರಕರೇ ಕೊಟ್ಟದ್ದು. ಉಳಿದೆಡೆ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಕೊಂಡ ಯುಎಸ್‌ಬಿ ಬೋರ್ಡುಗಳು. ಒಂದು ಕಾರ್ಖಾನೆಯ ಉಬುಂಟು 22.04 ಯಂತ್ರದಲ್ಲಿ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಕಾರ್ಡ್‌ನ ಡ್ರೈವರ್ ಲೋಡ್ ಆಗುತ್ತಿಲ್ಲ, ಮತ್ತೆ ಕಂಪೈಲ್ ಮಾಡಿದರೆ ಎರರ್. 24.04 ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಡೆಬ್ ಪ್ಯಾಕೇಜ್ (ಉಬುಂಟು, ಡೆಬಿಯನ್‌ಗಳ ಇನ್‌ಸ್ಟಾಲ್ ಕಡತ) 22.04ರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ. ಫೆಡೋರಾ 42 ಬಳಸುವ ಒಬ್ಬರು, ವರ್ಷಗಟ್ಟಲೆ ಸರಿಯಿದ್ದ ಸಿ ಕೋಡ್ ತಮ್ಮಲ್ಲಿ ಕಂಪೈಲೇ ಆಗುವುದಿಲ್ಲ ಎಂದು ಬರೆದಿದ್ದಾರೆ. ಅಪ್‌ಡೇಟ್‌ಗಳನ್ನೇ ಪೂರ್ತಿ ನಿಲ್ಲಿಸಿಬಿಟ್ಟರೆ ಹೇಗೆ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇವೆ: ನಿಲ್ಲಿಸಬೇಡಿ. ಬದಲಿಗೆ ಏನು ಮಾಡಬೇಕೆಂಬುದು ಮುಂದೆ ಬರುತ್ತದೆ.

ನಿಮ್ಮ ಮೂರು ತೊಂದರೆಗಳಿಗೂ ಬೇರು ಒಂದೇ. ಕೋಡ್ ಯಾವ ಯಂತ್ರದಲ್ಲಿ ಕಂಪೈಲ್ ಆಗುತ್ತದೋ ಅಲ್ಲಿನ ಹೆಡರ್ (ಫಂಕ್ಷನ್‌ಗಳ ಘೋಷಣೆ ಇರುವ ಕಡತ), ಲೈಬ್ರರಿ, ಕಂಪೈಲರ್‌ಗಳ ಗುರುತು ಅದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಬಿಡುಗಡೆಯ ಪ್ಯಾಕೇಜನ್ನು ಗ್ರಾಹಕರಲ್ಲಿರುವ ಅತಿ ಹಳೆಯ ವ್ಯವಸ್ಥೆಯಲ್ಲಿ ಕಟ್ಟಬೇಕು, ಸೋರ್ಸನ್ನು ಅತಿ ಹೊಸ ಕಂಪೈಲರ್‌ನಲ್ಲಿ ಪರೀಕ್ಷಿಸಬೇಕು, ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು) ಒಳಗೆ ಓಡುವ ಕೋಡನ್ನು ಆದಷ್ಟು ಕಡಿಮೆ ಇಟ್ಟುಕೊಳ್ಳಬೇಕು. (ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.)

ಮೊದಲು ಡ್ರೈವರ್

ರಾತ್ರಿ ಕರೆಂಟ್ ಹೋಗಿದ್ದಕ್ಕೂ ಡ್ರೈವರ್ ಕೆಟ್ಟಿದ್ದಕ್ಕೂ ನೇರ ಸಂಬಂಧವಿಲ್ಲ, ಆದರೆ ಪರೋಕ್ಷ ಸಂಬಂಧವಿದೆ. ಉಬುಂಟುವಿನ ಸ್ವಯಂ ಅಪ್‌ಡೇಟ್ ಹೊಸ ಕರ್ನಲನ್ನು ತಂದಿಡುತ್ತದೆ, ಆದರೆ ತಾನಾಗಿ ರೀಬೂಟ್ ಮಾಡುವುದಿಲ್ಲ. ಯಂತ್ರ ವಾರಗಟ್ಟಲೆ ಹಳೆಯ ಕರ್ನಲ್‌ನಲ್ಲೇ ಓಡುತ್ತಿರುತ್ತದೆ. ಕರೆಂಟ್ ಹೋಗಿ ಬಂದಾಗಲೇ ಹೊಸದಕ್ಕೆ ಬೂಟ್ ಆಗುವುದು. ‘/ವಾರ್/ಲಾಗ್/ಏಪಿಟಿ/ಹಿಸ್ಟರಿ.ಲಾಗ್’ ತೆರೆದು ನೋಡಿ, ಕರ್ನಲ್ ಬಂದ ದಿನಾಂಕ ಆ ರಾತ್ರಿಗಿಂತ ಬಹಳ ಹಿಂದಿನದೇ ಇರುತ್ತದೆ.

ಕಾರ್ಖಾನೆಯವರು ಕಾಯುತ್ತಿದ್ದಾರೆ ಎಂದರೆ ತಾತ್ಕಾಲಿಕ ಉಪಾಯ ಸುಲಭ. ಬೂಟ್ ಆಗುವಾಗ ಎಸ್ಕೇಪ್ ಕೀ ಒತ್ತಿ (ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದು) ಗ್ರಬ್ ಮೆನು ತೆರೆಯಿರಿ, ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಆರಿಸಿ. ಆ ಕರ್ನಲ್‌ಗೆ ಕಟ್ಟಿದ್ದ ಡ್ರೈವರ್ ಇನ್ನೂ ಅಲ್ಲೇ ಇರುತ್ತದೆ. ಕೆಲಸ ಶುರುವಾಗಲಿ, ನೀವು ನಿಧಾನವಾಗಿ ನೋಡಿ.

ಲಿನಕ್ಸ್ ಕರ್ನಲ್ ತನ್ನ ಒಳಗಿನ ಫಂಕ್ಷನ್‌ಗಳು ಹೀಗೇ ಇರುತ್ತವೆ ಎಂದು ಹೊರಗಿನ ಡ್ರೈವರ್‌ಗಳಿಗೆ ಮಾತು ಕೊಡುವುದಿಲ್ಲ. ಬೇಕೆಂದೇ ಕೊಡುವುದಿಲ್ಲ, ಇದು ಅವರ ಘೋಷಿತ ನೀತಿ. ಅದಕ್ಕೇ ಡಿಕೆಎಂಎಸ್ ಎಂಬ ವ್ಯವಸ್ಥೆ: ಕರ್ನಲ್ ಬಂದಾಗಲೆಲ್ಲ ಅದು ಡ್ರೈವರ್ ಸೋರ್ಸನ್ನು ಮತ್ತೆ ಕಂಪೈಲ್ ಮಾಡುತ್ತದೆ. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟರೆ ಯಾವ ಕರ್ನಲ್‌ಗೆ ಕಟ್ಟಿದೆ, ಯಾವುದಕ್ಕೆ ಇಲ್ಲ ಎಂಬುದು ಗೊತ್ತಾಗುತ್ತದೆ. ಕಟ್ಟದಿದ್ದಲ್ಲಿ ಕಾರಣ ‘/ವಾರ್/ಲಿಬ್/ಡಿಕೆಎಂಎಸ್’ ಫೋಲ್ಡರಿನಲ್ಲಿ ನಿಮ್ಮ ಮಾಡ್ಯೂಲ್ ಹೆಸರಿನ ಒಳಗೆ, ‘ಮೇಕ್.ಲಾಗ್’ ಕಡತದಲ್ಲಿ ಇರುತ್ತದೆ. ಪರದೆ ಮೇಲೆ ಬರುವ ‘ಬ್ಯಾಡ್ ಎಕ್ಸಿಟ್ ಸ್ಟೇಟಸ್’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ, ಅದನ್ನು ಹುಡುಕುತ್ತಾ ಕೂರಬೇಡಿ. ಲಾಗ್‌ನ ಮೊದಲ ಎರರ್ ಓದಿ, ಕೊನೆಯದನ್ನಲ್ಲ.

ಲಾಗೇ ಇಲ್ಲದಿದ್ದರೆ ಹೆಡರ್ ಇಲ್ಲ ಎಂದು ಅರ್ಥ. ಬಹಳ ಜನ ಎಡವುವುದು ಇಲ್ಲೇ. ಅಂದಿನ ಕರ್ನಲ್‌ನ ಆವೃತ್ತಿ ಸಂಖ್ಯೆ ಹಾಕಿ ಹೆಡರ್ ಇನ್‌ಸ್ಟಾಲ್ ಮಾಡಿರುತ್ತಾರೆ, ಅವತ್ತಿಗೆ ಕೆಲಸ ಆಗುತ್ತದೆ. ಮುಂದಿನ ಕರ್ನಲ್ ಬಂದಾಗ ಅದರ ಹೆಡರ್ ಜೊತೆಯಲ್ಲಿ ಬರುವುದಿಲ್ಲ. ಸಂಖ್ಯೆಯ ಪ್ಯಾಕೇಜ್ ಬದಲು ‘ಲಿನಕ್ಸ್-ಹೆಡರ್ಸ್-ಜೆನೆರಿಕ್’ ಎಂಬ ಮೆಟಾ ಪ್ಯಾಕೇಜ್ ಹಾಕಿ. ಎಚ್‌ಡಬ್ಲ್ಯುಇ ಕರ್ನಲ್ (ಹೊಸ ಹಾರ್ಡ್‌ವೇರ್‌ಗಾಗಿ ಉಬುಂಟು ಕೊಡುವ ಹೊಸ ಕರ್ನಲ್ ಸಾಲು) ಇದ್ದರೆ ಅದೇ ಹೆಸರಿನ ಕೊನೆಗೆ ‘-ಎಚ್‌ಡಬ್ಲ್ಯುಇ-22.04’ ಇರುವುದನ್ನು ಹಾಕಿ. ಆಗ ಕರ್ನಲ್ ಮತ್ತು ಹೆಡರ್ ಜೋಡಿಯಾಗಿ ಬರುತ್ತವೆ.

ನಿಮ್ಮಲ್ಲಿ ಕಂಪೈಲ್ ಎರರ್ ಬರುತ್ತಿದೆ ಎಂದಿದ್ದೀರಿ, ಅಂದರೆ ಹೆಡರ್ ಇದೆ. ಹಾಗಾದರೆ ಕಥೆ ಬಹುಶಃ ಹೀಗೆ. ಉಬುಂಟು 22.04 ಹೊರಬಂದಾಗ ಕರ್ನಲ್ 5.15. ಡೆಸ್ಕ್‌ಟಾಪ್ ಆವೃತ್ತಿ ಮಾತ್ರ ಎಚ್‌ಡಬ್ಲ್ಯುಇ ಸಾಲನ್ನು ಹಿಡಿದು ಹೊಸ ಹೊಸ ಕರ್ನಲ್‌ಗೆ ಹೋಗುತ್ತಾ 6.5 ದಾಟಿ 6.8ಕ್ಕೆ ಬಂದು ನಿಂತಿತು. 22.04ರ ಮಾಮೂಲು ಕಂಪೈಲರ್ ಜಿಸಿಸಿ 11. ಆದರೆ ಆ 6.5, 6.8 ಕರ್ನಲ್‌ಗಳನ್ನು ಉಬುಂಟು ಕಟ್ಟಿದ್ದು ಜಿಸಿಸಿ 12ರಲ್ಲಿ. ಕರ್ನಲ್ ಕಟ್ಟಿದಾಗ ಬಳಸಿದ ಕಂಪೈಲರ್ ಆಯ್ಕೆಗಳೇ ಡ್ರೈವರಿಗೂ ಅನ್ವಯಿಸುತ್ತವೆ. ಅವುಗಳಲ್ಲಿ ‘-ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್=ಝೀರೋ’ ಎಂಬುದು ಜಿಸಿಸಿ 12ರಲ್ಲೇ ಹೊಸದಾಗಿ ಬಂದದ್ದು. ತಯಾರಕರ ಮೇಕ್‌ಫೈಲ್ ಬರೀ ‘ಜಿಸಿಸಿ’ ಎಂದು ಕರೆದರೆ 11 ಎದ್ದು ಬರುತ್ತದೆ, ಆ ಆಯ್ಕೆ ತನಗೆ ಗೊತ್ತಿಲ್ಲ ಎಂದು ನಿಂತುಬಿಡುತ್ತದೆ. ಅದಕ್ಕೂ ಮೊದಲು ‘ಕಂಪೈಲರ್ ಡಿಫರ್ಸ್’ ಎಂಬ ಎಚ್ಚರಿಕೆ ಬಂದಿರುತ್ತದೆ, ಎಚ್ಚರಿಕೆ ತಾನೇ ಎಂದು ಯಾರೂ ಓದುವುದಿಲ್ಲ.

ಪರೀಕ್ಷೆಗೆ ‘ಕ್ಯಾಟ್ /ಪ್ರಾಕ್/ವರ್ಷನ್’ ಕೊಡಿ, ಕರ್ನಲ್ ಕಟ್ಟಿದ ಕಂಪೈಲರ್‌ನ ಹೆಸರು ಅದರಲ್ಲೇ ಇರುತ್ತದೆ. ‘ಜಿಸಿಸಿ-12’ ಎಂದಿದ್ದರೆ ಅದೇ ಹೆಸರಿನ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ‘ಡಿಕೆಎಂಎಸ್.ಕಾನ್ಫ್’ನ ಮೇಕ್ ಸಾಲಿನಲ್ಲಿ ‘ಸಿಸಿ=ಜಿಸಿಸಿ-12’ ಸೇರಿಸಿ. ಇಡೀ ಯಂತ್ರದ ಮಾಮೂಲು ಕಂಪೈಲರನ್ನೇ 12ಕ್ಕೆ ಬದಲಾಯಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಿಂದಲೂ ಕೆಲಸ ನಡೆಯುತ್ತದೆ, ಆದರೆ ಒಂದು ಡ್ರೈವರ್‌ಗೋಸ್ಕರ ಉಳಿದೆಲ್ಲ ಪ್ರೋಗ್ರಾಂಗಳ ಕಂಪೈಲರ್ ಬದಲಾಯಿಸುವುದು ನಮಗೆ ಸರಿ ಕಾಣುವುದಿಲ್ಲ.

ಇದಾದ ಮೇಲೆ ನಿಜವಾದ ಸೋರ್ಸ್ ಎರರ್‌ಗಳು ಬರುತ್ತವೆ. 5.15ಕ್ಕೆ ಬರೆದ ಡೇಟಾ ಕಾರ್ಡ್ ಡ್ರೈವರನ್ನು 6.8ರಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಎರಡು ಕಡೆ ಸಿಕ್ಕಿಬೀಳುತ್ತದೆ. ‘ಕ್ಲಾಸ್_ಕ್ರಿಯೇಟ್’ ಫಂಕ್ಷನ್‌ಗೆ 6.3ರವರೆಗೆ ‘ದಿಸ್_ಮಾಡ್ಯೂಲ್’ ಮತ್ತು ಹೆಸರು ಎಂದು ಎರಡು ಆರ್ಗ್ಯುಮೆಂಟ್ ಕೊಡಬೇಕಿತ್ತು. 6.4ರಿಂದ ಹೆಸರು ಒಂದೇ ಸಾಕು, ಎರಡು ಕೊಟ್ಟರೆ ‘ಟೂ ಮೆನಿ ಆರ್ಗ್ಯುಮೆಂಟ್ಸ್’. ಇನ್ನೊಂದು ಎಂಮ್ಯಾಪ್ ಮಾಡುವ (ಕಾರ್ಡ್‌ನ ಮೆಮೊರಿಯನ್ನು ಪ್ರೋಗ್ರಾಂಗೆ ಕಾಣಿಸುವ) ಜಾಗ. ಹಳೆಯ ಡ್ರೈವರ್‌ಗಳು ವಿಎಂಎ (ಆ ಮೆಮೊರಿ ತುಣುಕನ್ನು ವಿವರಿಸುವ) ಸ್ಟ್ರಕ್ಟ್‌ನ ‘ವಿಎಂ_ಫ್ಲ್ಯಾಗ್ಸ್’ಗೆ ನೇರವಾಗಿ ಆರ್-ಈಕ್ವಲ್ (|=) ಹಾಕಿ ಬರೆಯುತ್ತವೆ. 6.3ರಿಂದ ಆ ಸದಸ್ಯ ಓದಲು ಮಾತ್ರ, ಬದಲಾಯಿಸಬೇಕಾದರೆ ‘ವಿಎಂ_ಫ್ಲ್ಯಾಗ್ಸ್_ಸೆಟ್’ ಎಂಬ ಫಂಕ್ಷನ್ ಕರೆಯಬೇಕು. ಎರಡಕ್ಕೂ ಕರ್ನಲ್ ಆವೃತ್ತಿ ನೋಡುವ ‘#ಇಫ್’ ಬೇಕು. ಅದನ್ನು ಡ್ರೈವರ್ ತುಂಬ ಚೆಲ್ಲಾಡಬೇಡಿ, ‘ಕಂಪ್ಯಾಟ್.ಎಚ್’ ಎಂಬ ಒಂದೇ ಹೆಡರಿನಲ್ಲಿ ಎರಡು ಪುಟ್ಟ ಇನ್‌ಲೈನ್ ಫಂಕ್ಷನ್ ಮಾಡಿ ಉಳಿದ ಕಡೆ ಅವನ್ನೇ ಕರೆಯಿರಿ. ಮುಂದೆ 24.04ರ ಹೊಸ ಕರ್ನಲ್‌ಗಳಿಗೆ ಹೋದಾಗ 6.12ರಲ್ಲಿ ‘ಎಎಸ್‌ಎಂ/ಅನ್‌ಅಲೈನ್ಡ್.ಎಚ್’ ಜಾಗ ಬದಲಿಸಿ ‘ಲಿನಕ್ಸ್/ಅನ್‌ಅಲೈನ್ಡ್.ಎಚ್’ ಆಗಿರುವುದು, 6.15ರಲ್ಲಿ ‘ಡೆಲ್_ಟೈಮರ್’ ಹೋಗಿ ‘ಟೈಮರ್_ಡಿಲೀಟ್’ ಬಂದಿರುವುದು ಎದುರಾಗುತ್ತದೆ. ಅವೂ ಇದೇ ಹೆಡರಿಗೇ ಸೇರಲಿ.

ಒಂದು ಎಚ್ಚರ: ಗ್ರಾಹಕರಲ್ಲಿ ಯಾರಾದರೂ ರೆಡ್ ಹ್ಯಾಟ್ ಅಥವಾ ಅಲ್ಮಾ ಲಿನಕ್ಸ್ ಇಟ್ಟಿದ್ದರೆ ಆವೃತ್ತಿ ಸಂಖ್ಯೆ ನಂಬುವಂತಿಲ್ಲ. ಅವರ 9ನೇ ಸರಣಿಯ ಕರ್ನಲ್ ಹೆಸರಿಗೆ 5.14, ಒಳಗೆ 6ರ ಸರಣಿಯ ಎಷ್ಟೋ ಬದಲಾವಣೆಗಳನ್ನು ಹಿಂದಕ್ಕೆ ತಂದು ಹಾಕಿರುತ್ತಾರೆ. ಅಲ್ಲಿ ಒಂದು ಸಣ್ಣ ತುಣುಕು ಕಂಪೈಲ್ ಮಾಡಿ ಫಂಕ್ಷನ್ ಹೇಗಿದೆ ಎಂದು ಪರೀಕ್ಷಿಸಿಯೇ ತೀರ್ಮಾನಿಸಬೇಕು.

ಕಟ್ಟಿದ್ದಾಯಿತು, ‘ಮಾಡ್‌ಪ್ರೋಬ್’ ಕೊಟ್ಟರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬಂದರೆ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಅದು ಸೆಕ್ಯೂರ್ ಬೂಟ್, ಅಂದರೆ ನಂಬಿದ ಸಹಿಯಿಲ್ಲದ ಕೋಡನ್ನು ಕರ್ನಲ್ ಒಳಗೆ ಬಿಡದ ಭದ್ರತಾ ವ್ಯವಸ್ಥೆ. ‘ಮಾಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟು ಖಚಿತ ಮಾಡಿಕೊಳ್ಳಿ. ಉಬುಂಟು ಡಿಕೆಎಂಎಸ್ ಮಾಡ್ಯೂಲ್‌ಗಳಿಗೆ ಆ ಯಂತ್ರದ್ದೇ ಒಂದು ಕೀಲಿಯಿಂದ ಸಹಿ ಹಾಕುತ್ತದೆ, ಕೀಲಿ ‘/ವಾರ್/ಲಿಬ್/ಶಿಮ್-ಸೈನ್ಡ್/ಮಾಕ್’ ಫೋಲ್ಡರಿನಲ್ಲಿರುತ್ತದೆ. ‘ಮಾಕ್‌ಯುಟಿಲ್ --ಇಂಪೋರ್ಟ್’ ಕೊಟ್ಟು ಅಲ್ಲಿನ ‘ಮಾಕ್.ಡರ್’ ಕಡತ ಸೇರಿಸಿ, ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಡಿ, ರೀಬೂಟ್ ಮಾಡಿ. ನೀಲಿ ಪರದೆ ಬರುತ್ತದೆ, ಅದರಲ್ಲಿ ‘ಎನ್‌ರೋಲ್ ಮಾಕ್’ ಆರಿಸಿ ಅದೇ ಪಾಸ್‌ವರ್ಡ್ ಹಾಕಬೇಕು. ಆ ಪರದೆ ಕೆಲವೇ ಸೆಕೆಂಡು ಕಾದು ಮುಂದೆ ಹೋಗಿಬಿಡುತ್ತದೆ, ಹೋದರೆ ಮತ್ತೆ ಮೊದಲಿನಿಂದ. ದೂರದಿಂದ ಲಾಗಿನ್ ಆಗಿ ಈ ಕೆಲಸ ಮಾಡಲಾಗದು, ಯಂತ್ರದ ಮುಂದೆ ಒಬ್ಬರು ಇರಲೇಬೇಕು. ಪೀಣ್ಯಕ್ಕೆ ಮೆಟ್ರೋ ಹತ್ತುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಈ ಡ್ರೈವರ್ ಬೇಕೇ?

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಕೇಳಿದರೆ, ತಯಾರಕರ ಡ್ರೈವರನ್ನು ಹೊತ್ತುಕೊಂಡು ತಿರುಗುವ ಮುಂಚೆ ಅದು ಬೇಕೇ ಬೇಕಾ ಎಂದು ನೋಡಿ. ಕರ್ನಲ್‌ನಲ್ಲೇ ಕೊಮೆಡಿ ಎಂಬ ಡೇಟಾ ಕಾರ್ಡ್ ಡ್ರೈವರ್‌ಗಳ ಗುಂಪು ಇದೆ, 5.13ರಲ್ಲಿ ಸ್ಟೇಜಿಂಗ್‌ನಿಂದ (ಇನ್ನೂ ಪಕ್ವವಾಗದ ಕೋಡ್ ಇಡುವ ಜಾಗ) ಮುಖ್ಯ ಡ್ರೈವರ್ ಮರಕ್ಕೆ ಬಂದಿದೆ. ಅಡ್ವಾನ್‌ಟೆಕ್, ಅಡ್‌ಲಿಂಕ್, ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನ ಸಾಕಷ್ಟು ಕಾರ್ಡುಗಳಿಗೆ ಅಲ್ಲಿ ಡ್ರೈವರ್ ಇದೆ. ‘ಎಲ್‌ಎಸ್‌ಪಿಸಿಐ -ಎನ್ಎನ್’ ಕೊಟ್ಟರೆ ಚೌಕ ಆವರಣದಲ್ಲಿ ಕಾರ್ಡ್‌ನ ಎರಡು ಸಂಖ್ಯೆ ಸಿಗುತ್ತವೆ, ಅವನ್ನು ಕರ್ನಲ್‌ನ ‘ಮಾಡ್ಯೂಲ್ಸ್.ಅಲಿಯಾಸ್’ ಕಡತದಲ್ಲಿ ಹುಡುಕಿ. ಸಿಕ್ಕರೆ ಕರ್ನಲ್ ಬದಲಾದಾಗ ತಿದ್ದುವ ಹೊಣೆ ಕರ್ನಲ್‌ನವರದ್ದು. ಸಿಗದಿದ್ದರೆ, ವೇಗ ಅಷ್ಟು ಬೇಡದ ತಾಪಮಾನದಂತಹ ಕೆಲಸಕ್ಕೆ ‘ಯುಐಒ’ ಸಾಕು: ಕರ್ನಲ್ ಒಳಗೆ ಕಾರ್ಡ್‌ನ ಮೆಮೊರಿಯನ್ನು ಹೊರಕ್ಕೆ ತೆರೆದಿಡುವ ಪುಟ್ಟ ಭಾಗ ಮಾತ್ರ, ಉಳಿದ ಲೆಕ್ಕಾಚಾರವೆಲ್ಲ ನಿಮ್ಮ ಸಾಮಾನ್ಯ ಪ್ರೋಗ್ರಾಂನಲ್ಲಿ. ಡಿಎಂಎ (ಪ್ರೊಸೆಸರ್ ನಡುವೆ ಬಾರದೆ ಕಾರ್ಡ್ ನೇರವಾಗಿ ಮೆಮೊರಿಗೆ ಬರೆಯುವುದು) ಬೇಕಾಗುವ ವೇಗದ ಕಂಪನ ಮಾಪನಕ್ಕೆ ಮಾತ್ರ ಪೂರ್ತಿ ಡ್ರೈವರ್ ಉಳಿಸಿಕೊಳ್ಳಿ.

ಎಸ್.ಪಿ. ರಸ್ತೆಯ ಬೋರ್ಡುಗಳ ಬಗ್ಗೆ ನೀವು ದೂರು ಹೇಳಿಲ್ಲ, ಆದರೂ ಎರಡು ಮಾತು. ಅಲ್ಲಿ ಅಗ್ಗಕ್ಕೆ ಸಿಗುವ ಬಹುಪಾಲು ಬೋರ್ಡುಗಳಲ್ಲಿ ಸಿಎಚ್340 ಚಿಪ್ ಇರುತ್ತದೆ, ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ 1ಎ86:7523 ಎಂದು ಕಾಣುತ್ತದೆ. ಉಬುಂಟು 22.04ರಲ್ಲಿ ಬ್ರೈಲ್ ಪರದೆಗಳಿಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ ಇದೇ ಸಂಖ್ಯೆಯನ್ನು ಬ್ರೈಲ್ ಸಾಧನವೆಂದು ಹಿಡಿದುಕೊಳ್ಳುತ್ತದೆ. ‘/ಡೆವ್/ಟಿಟಿವೈಯುಎಸ್‌ಬಿ0’ ಕ್ಷಣ ಕಂಡು ಮಾಯವಾಗುತ್ತದೆ, ‘ಡಿಮೆಸ್ಜ್’ನಲ್ಲಿ ಬಿಆರ್‌ಎಲ್‌ಟಿಟಿವೈ ಹೆಸರು ಇರುತ್ತದೆ. ಅಲ್ಲಿ ಬ್ರೈಲ್ ಬಳಸುವವರು ಇಲ್ಲವೆಂದು ಖಚಿತವಾದರೆ ಆ ಪ್ಯಾಕೇಜ್ ತೆಗೆಯಿರಿ. ಇದ್ದರೆ ಆ ಒಂದು ಸಂಖ್ಯೆಯ ಯುಡೆವ್ (ಸಾಧನ ಸಿಕ್ಕಿಸಿದಾಗ ಏನು ಮಾಡಬೇಕೆಂದು ಹೇಳುವ ವ್ಯವಸ್ಥೆ) ನಿಯಮವನ್ನು ಮಾತ್ರ ಮುಚ್ಚಿ. ಎರಡನೆಯದು, ಈ ಚಿಪ್‌ಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಸೀರಿಯಲ್ ನಂಬರ್ ಇರುವುದಿಲ್ಲ. ಎರಡು ಬೋರ್ಡ್ ಹಾಕಿದ ಯಂತ್ರ ರೀಬೂಟ್ ಆದಾಗ ಟಿಟಿವೈಯುಎಸ್‌ಬಿ0 ಮತ್ತು 1 ಅದಲುಬದಲಾಗಬಹುದು. ಲೇತ್‌ನ ತಾಪಮಾನ ಕಂಪ್ರೆಸರ್ ಹೆಸರಿನಲ್ಲಿ ದಾಖಲಾಗುತ್ತಾ ಹೋಗುತ್ತದೆ, ಯಾವ ಎರರೂ ಬರುವುದಿಲ್ಲ. ‘/ಡೆವ್/ಸೀರಿಯಲ್/ಬೈ-ಪಾತ್’ ಒಳಗಿನ ಹೆಸರು ಬಳಸಿ, ಅದು ಬೋರ್ಡ್ ಯಾವ ಪೋರ್ಟ್‌ನಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ. ಪೋರ್ಟ್ ಮೇಲೊಂದು ಸ್ಟಿಕ್ಕರ್ ಅಂಟಿಸಿ. ನಿಮ್ಮ ಪ್ರೋಗ್ರಾಂ ಹಿನ್ನೆಲೆ ಸೇವೆಯಾಗಿ ಓಡುವುದಾದರೆ ಅದರ ಯೂಸರ್ ‘ಡಯಲ್‌ಔಟ್’ ಗುಂಪಿನಲ್ಲಿರಬೇಕು. ರೂಟ್ ಆಗಿ ಓಡಿಸುವುದು ಸೋಮಾರಿ ದಾರಿ.

ಡೆಬ್ ಯಾಕೆ ಕೂರುವುದಿಲ್ಲ

24.04ರಲ್ಲಿ ಕಟ್ಟಿದ ಪ್ಯಾಕೇಜನ್ನು ‘ಡಿಪಿಕೆಜಿ -ಐ’ಗೆ (ದೊಡ್ಡಕ್ಷರದ ಐ) ಕೊಟ್ಟು ಅವಲಂಬನೆಗಳ ಸಾಲು ಓದಿ. ‘ಲಿಬ್‌ಸಿ6 (>= 2.38)’ ಎಂದೂ ‘ಲಿಬ್‌ಕರ್ಲ್4ಟಿ64’ ರೀತಿಯ ಹೆಸರುಗಳೂ ಕಾಣುತ್ತವೆ. ಇವು ಎರಡು ಬೇರೆ ತೊಡಕುಗಳು.

ಟಿ64 ಎಂಬ ಬಾಲ ಬಂದದ್ದು 2038ರಲ್ಲಿ 32-ಬಿಟ್ ಸಮಯದ ಎಣಿಕೆ ತುಂಬಿಹೋಗುವ ಸಮಸ್ಯೆಯಿಂದ. 32-ಬಿಟ್ ಯಂತ್ರಗಳಲ್ಲಿ ಸಮಯದ ಎಣಿಕೆಯನ್ನು 64-ಬಿಟ್‌ಗೆ ಏರಿಸಿದಾಗ ಡೆಬಿಯನ್, ಉಬುಂಟು ಎರಡೂ ನೂರಾರು ಲೈಬ್ರರಿ ಪ್ಯಾಕೇಜ್‌ಗಳಿಗೆ ಹೊಸ ಹೆಸರಿಟ್ಟವು. 24.04ರಲ್ಲಿ ಹೊಸ ಹೆಸರು, 22.04ಕ್ಕೆ ಆ ಹೆಸರೇ ಗೊತ್ತಿಲ್ಲ. ಸಮಾಧಾನವೆಂದರೆ ಮಾಮೂಲು 64-ಬಿಟ್ ಯಂತ್ರಗಳಲ್ಲಿ ಹೊಸ ಪ್ಯಾಕೇಜ್ ಹಳೆಯ ಹೆಸರಿಗೂ ಓಗೊಡುತ್ತದೆ. ಹಾಗಾಗಿ 22.04ರಲ್ಲಿ ಕಟ್ಟಿದ್ದು 24.04ರಲ್ಲಿ ಕೂರುತ್ತದೆ, ತಿರುವುಮುರುವು ಮಾತ್ರ ಆಗದು.

ಕಂಟ್ರೋಲ್ ಕಡತ ತೆರೆದು ಟಿ64 ಅಳಿಸಿ, 2.38 ಇದ್ದಲ್ಲಿ 2.35 ಬರೆದರೆ ಇನ್‌ಸ್ಟಾಲ್ ಏನೋ ಆಗುತ್ತದೆ. ಪ್ರೋಗ್ರಾಂ ಓಡಿಸಿದ ಕೂಡಲೇ ‘ಜಿಲಿಬ್‌ಸಿ_2.38 ನಾಟ್ ಫೌಂಡ್’. 22.04ರ ಜಿಲಿಬ್‌ಸಿ (ಸಿ ಪ್ರೋಗ್ರಾಂಗಳು ನೆಚ್ಚುವ ಮೂಲ ಲೈಬ್ರರಿ, ಪ್ಯಾಕೇಜ್ ಹೆಸರು ಲಿಬ್‌ಸಿ6) 2.35, ಡೆಬಿಯನ್ 12ರದ್ದು 2.36, 24.04ರದ್ದು 2.39. ಹೊಸತರಲ್ಲಿ ಲಿಂಕ್ ಆದದ್ದು ಹೊಸ ಹೆಸರಿನ ಸಿಂಬಲ್‌ಗಳನ್ನೇ ಕೇಳುತ್ತದೆ. ‘ನಾವು ಹೊಸ ಫಂಕ್ಷನ್ ಯಾವುದೂ ಬಳಸಿಲ್ಲವಲ್ಲ’ ಎಂದು ನೀವು ಕೇಳಬಹುದು. ‘ಆಬ್ಜ್‌ಡಂಪ್ -ಟಿ’ (ದೊಡ್ಡಕ್ಷರದ ಟಿ) ಕೊಟ್ಟು ಅದರಲ್ಲಿ 2.38 ಹುಡುಕಿ. ಹೆಚ್ಚಿನಂಶ ‘__ಐಸೋಸಿ23_ಎಸ್‌ಟಿಆರ್‌ಟಾಲ್’ ಎಂದು ಕಾಣುತ್ತದೆ. ಅಕ್ಷರವನ್ನು ಸಂಖ್ಯೆಯಾಗಿಸುವ ಹಳೆಯ ‘ಎಸ್‌ಟಿಆರ್‌ಟಾಲ್’ ಅದೇ. ಸಿ23 ಮಾನದಂಡದಲ್ಲಿ 0ಬಿ ಎಂದು ಶುರುವಾಗುವ ದ್ವಿಮಾನ ಸಂಖ್ಯೆಗಳನ್ನೂ ಓದಬೇಕೆಂದಾದಾಗ, ಜಿಲಿಬ್‌ಸಿ 2.38ರ ಹೆಡರ್ ಆ ಕರೆಯನ್ನು ಸದ್ದಿಲ್ಲದೆ ಹೊಸ ಸಿಂಬಲ್‌ಗೆ ತಿರುಗಿಸಿತು. ‘_ಗ್ನೂ_ಸೋರ್ಸ್’ ಡಿಫೈನ್ ಮಾಡಿದ ಸಿ ಕೋಡ್‌ಗೂ, ಅದನ್ನು ತಾನಾಗಿ ಡಿಫೈನ್ ಮಾಡುವ ಜಿ++ಗೂ ಇದು ತಗಲುತ್ತದೆ. ನಿಮ್ಮ ಸೋರ್ಸ್‌ನಲ್ಲಿ ಒಂದಕ್ಷರ ಬದಲಾಗದೆಯೂ ಪ್ರೋಗ್ರಾಂ 22.04ರಲ್ಲಿ ಓಡದಂತಾದದ್ದು ಹೀಗೆ.

ಪರಿಹಾರ ಒಂದೇ, 22.04ರಲ್ಲೇ ಕಟ್ಟುವುದು. ಲ್ಯಾಪ್‌ಟಾಪ್ ಬದಲಾಯಿಸಬೇಕಿಲ್ಲ. ಪಾಡ್‌ಮನ್ ಅಥವಾ ಡಾಕರ್‌ನಲ್ಲಿ (ಬೇರೆ ವ್ಯವಸ್ಥೆಯನ್ನು ಕಂಟೇನರ್ ಎಂಬ ಡಬ್ಬಿಯೊಳಗೆ ಓಡಿಸುವ ಸಾಧನಗಳು) ‘ಉಬುಂಟು:22.04’ ಇಮೇಜ್ ಎಳೆದುಕೊಳ್ಳಿ, ಸೋರ್ಸ್ ಫೋಲ್ಡರನ್ನು ಅದರೊಳಗೆ ಮೌಂಟ್ ಮಾಡಿ, ಒಳಗೆ ‘ಬಿಲ್ಡ್-ಎಸೆನ್ಷಿಯಲ್’, ‘ಡೆಬ್‌ಹೆಲ್ಪರ್’ ಮತ್ತು ನಿಮ್ಮ ಲೈಬ್ರರಿಗಳ ‘-ಡೆವ್’ ಪ್ಯಾಕೇಜ್‌ಗಳನ್ನು ಹಾಕಿ, ಅಲ್ಲಿಂದಲೇ ಡೆಬ್ ಕಟ್ಟಿ. ಅವಲಂಬನೆಗಳ ಸಾಲನ್ನು ಕೈಯಲ್ಲಿ ಬರೆಯದೆ ‘ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್’ಗೆ ಬಿಡಿ. ಕಟ್ಟಿದ್ದನ್ನು ಮತ್ತೊಂದು ಖಾಲಿ 22.04 ಕಂಟೇನರಿನಲ್ಲಿ, ಆಮೇಲೆ 24.04 ಮತ್ತು ಡೆಬಿಯನ್ 12ರಲ್ಲಿ ಇನ್‌ಸ್ಟಾಲ್ ಮಾಡಿ ಓಡಿಸಿ. ಕಟ್ಟಿದ ಕಂಟೇನರಿನಲ್ಲೇ ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಅಲ್ಲಿ ಎಲ್ಲ ಲೈಬ್ರರಿಗಳೂ ಮೊದಲೇ ಇರುತ್ತವೆ.

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ (ಗಿಟ್‌ಹಬ್‌ನ ಸ್ವಯಂ ಬಿಲ್ಡ್ ಸೇವೆ) ಕಟ್ಟುತ್ತಿದ್ದರೆ ‘ಉಬುಂಟು-ಲೇಟೆಸ್ಟ್’ ಎಂದು ಬರೆದಿದ್ದೀರಾ ನೋಡಿ. 2025ರ ಜನವರಿ ಹೊತ್ತಿಗೆ ಅದು 22.04ರಿಂದ 24.04ಕ್ಕೆ ಜಾರಿತು. ಎಷ್ಟೋ ಯೋಜನೆಗಳ ಬಿಡುಗಡೆಗಳು ಆಗ ರಾತ್ರೋರಾತ್ರಿ ಹಳೆಯ ಯಂತ್ರಗಳಲ್ಲಿ ಓಡದಂತಾದವು. ಆವೃತ್ತಿ ಸಂಖ್ಯೆ ನಮೂದಿಸಿ, ಅದರೊಳಗೂ ಕಂಟೇನರ್ ಬಳಸಿ.

ಮಾಡಬಾರದ ಎರಡು ಕೆಲಸಗಳಿವೆ. 24.04ರ ‘ಲಿಬ್‌ಸಿ.ಎಸ್‌ಒ.6’ ಕಡತವನ್ನು 22.04ಕ್ಕೆ ನಕಲು ಮಾಡಬೇಡಿ. ‘ಎಲ್‌ಎಸ್’ ಕೂಡ ಓಡದ ಸ್ಥಿತಿಗೆ ಯಂತ್ರ ಬರುತ್ತದೆ, ಲೈವ್ ಯುಎಸ್‌ಬಿ ಹಿಡಿದುಕೊಂಡೇ ಹೋಗಬೇಕಾಗುತ್ತದೆ. ಹಾಗೆಯೇ ಜಿಲಿಬ್‌ಸಿಯನ್ನು ಪೂರ್ತಿ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಬೇಡಿ, ಹೆಸರು ಹುಡುಕುವ ನೆಟ್‌ವರ್ಕ್ ಭಾಗ ಮತ್ತು ಪ್ಲಗಿನ್ ಲೋಡ್ ಮಾಡುವ ಭಾಗ ವಿಚಿತ್ರವಾಗಿ ಕೈಕೊಡುತ್ತವೆ. ಸಿ++ ಭಾಗವೇನಾದರೂ ಇದ್ದರೆ ‘-ಸ್ಟ್ಯಾಟಿಕ್-ಲಿಬ್‌ಎಸ್‌ಟಿಡಿಸಿ++’ ಮಾತ್ರ ಕೊಡಬಹುದು, ಅದು ತೊಂದರೆ ಕೊಡುವುದು ಅಪರೂಪ.

ಪೈಥಾನ್ ಪರದೆಗೆ ಬಂದರೆ, 22.04ರಲ್ಲಿ ಪೈಥಾನ್ 3.10, 24.04ರಲ್ಲಿ 3.12. ಸಿ ಭಾಗವನ್ನು ಪೈಥಾನ್ ಎಕ್ಸ್‌ಟೆನ್ಷನ್ ಆಗಿ ಕಟ್ಟಿದ್ದರೆ ಒಂದಕ್ಕೆ ಕಟ್ಟಿದ್ದು ಇನ್ನೊಂದರಲ್ಲಿ ಲೋಡ್ ಆಗದು. ‘ಪಿವೈ_ಲಿಮಿಟೆಡ್_ಎಪಿಐ’ ಡಿಫೈನ್ ಮಾಡಿ ‘ಎಬಿಐ3’ ಮಾಡ್ಯೂಲ್ ಕಟ್ಟಿ, ಇಲ್ಲವೇ ಸಿ ಭಾಗವನ್ನು ಸಾಮಾನ್ಯ ಲೈಬ್ರರಿಯಾಗಿಟ್ಟು ‘ಸಿಟೈಪ್ಸ್’ ಮೂಲಕ ಕರೆಯಿರಿ. ನಿಮ್ಮ ಗಾತ್ರದ ಯೋಜನೆಗೆ ಎರಡನೆಯದೇ ಸಾಕು. ‘ಸೆಟಪ್.ಪಿವೈ’ನಲ್ಲಿ ‘ಡಿಸ್ಟ್‌ಯುಟಿಲ್ಸ್’ ಇದ್ದರೆ 3.12ರಲ್ಲಿ ಅದು ಇಲ್ಲವೇ ಇಲ್ಲ, ‘ಸೆಟಪ್‌ಟೂಲ್ಸ್’ಗೆ ಬದಲಾಯಿಸಿ. 24.04ರಲ್ಲಿ ‘ಪಿಪ್ ಇನ್‌ಸ್ಟಾಲ್’ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ತಡೆಯುತ್ತದೆ. ಆ ತಡೆ ಮುರಿಯುವ ಆಯ್ಕೆಯನ್ನು ನಿಮ್ಮ ರೀಡ್‌ಮಿಯಲ್ಲಿ ಬರೆಯಬೇಡಿ, ಗ್ರಾಹಕರ ಯಂತ್ರದ ಸಿಸ್ಟಂ ಪ್ಯಾಕೇಜ್‌ಗಳು ಕೆಟ್ಟರೆ ನಿಮ್ಮ ತಲೆಗೇ ಬರುತ್ತದೆ. ಡೆಬ್ ಒಳಗೆ ಡಿಸ್ಟ್ರೋದ ಪೈಥಾನ್ ಪ್ಯಾಕೇಜ್‌ಗಳನ್ನೇ ಅವಲಂಬಿಸಿ, ಅಥವಾ ‘ವೆನ್ವ್’ (ಪ್ರತ್ಯೇಕ ಪೈಥಾನ್ ಪರಿಸರ) ಬಳಸಲು ಹೇಳಿ.

ಆ್ಯಪ್‌ಇಮೇಜ್, ಫ್ಲ್ಯಾಟ್‌ಪ್ಯಾಕ್ ಎಂಬ, ಎಲ್ಲ ಡಿಸ್ಟ್ರೋಗಳಿಗೂ ಹೊಂದುವ ಪ್ಯಾಕೇಜ್ ರೂಪಗಳೂ ಇವೆ. ಹಾರ್ಡ್‌ವೇರ್ ಮುಟ್ಟುವ ತಂತ್ರಾಂಶಕ್ಕೆ ಫ್ಲ್ಯಾಟ್‌ಪ್ಯಾಕ್‌ನ ಬೇಲಿ ಅಡ್ಡಿ, ಆ್ಯಪ್‌ಇಮೇಜ್‌ಗೆ 22.04ರಿಂದ ಈಚೆಗೆ ಸಾಮಾನ್ಯವಾಗಿ ‘ಲಿಬ್‌ಫ್ಯೂಸ್2’ ಬೇರೆಯಾಗಿ ಹಾಕಿಸಬೇಕು. ಡೆಬ್ ಸಾಕು.

ಫೆಡೋರಾದವರು ಕಳಿಸಿದ ಎರರ್

ಫೆಡೋರಾ 42ರಲ್ಲಿರುವುದು ಜಿಸಿಸಿ 15, ನಿಮ್ಮಲ್ಲಿ 11 ಅಥವಾ 13. ನಡುವೆ ಎರಡು ದೊಡ್ಡ ಹೆಜ್ಜೆ ಆಗಿವೆ, ಎರಡೂ ಹಳೆಯ ಸಿ ಕೋಡನ್ನು ಹಿಡಿಯುತ್ತವೆ.

2024ರಲ್ಲಿ ಬಂದ ಜಿಸಿಸಿ 14, ಘೋಷಿಸದ ಫಂಕ್ಷನ್ ಕರೆದರೆ ಎಚ್ಚರಿಕೆ ಕೊಟ್ಟು ಸುಮ್ಮನಾಗುವುದಿಲ್ಲ, ಎರರ್ ಎನ್ನುತ್ತದೆ. ಹೊಂದದ ಪಾಯಿಂಟರ್‌ಗಳನ್ನು ಒಂದಕ್ಕೊಂದು ಅಸೈನ್ ಮಾಡುವುದೂ ಹಾಗೇ. ಸಿ ಮಾನದಂಡ ಘೋಷಿಸದ ಫಂಕ್ಷನ್‌ಗಳನ್ನು ಕೈಬಿಟ್ಟಿದ್ದು 1999ರಲ್ಲೇ, ಕಂಪೈಲರ್ ಇಷ್ಟು ದಿನ ಸಹಿಸಿಕೊಂಡಿತ್ತು. ಇದು ಬರೀ ಶಿಸ್ತಿನ ಮಾತಲ್ಲ. ಘೋಷಣೆ ಕಾಣದಿದ್ದರೆ ಕಂಪೈಲರ್ ಫಂಕ್ಷನ್ 32-ಬಿಟ್ ಪೂರ್ಣಾಂಕ ಹಿಂದಿರುಗಿಸುತ್ತದೆ ಎಂದುಕೊಳ್ಳುತ್ತಿತ್ತು. ‘ಎಸ್‌ಟಿಆರ್‌ಡಪ್’ ನಿಜವಾಗಿ ಹಿಂದಿರುಗಿಸುವುದು 64-ಬಿಟ್ ವಿಳಾಸ, ಅದರ ಮೇಲರ್ಧ ಕತ್ತರಿಸಿಹೋಗುತ್ತಿತ್ತು. ವಿಳಾಸ ಕೆಳಗಿನ 2 ಜಿಬಿ ಒಳಗಿದ್ದ ದಿನ ಎಲ್ಲ ಸರಿ, ಇಲ್ಲದ ದಿನ ಕ್ರ್ಯಾಶ್. ಯಾವ ಗ್ರಾಹಕರಾದರೂ ‘ಒಮ್ಮೊಮ್ಮೆ ಸುಮ್ಮನೆ ಮುಚ್ಚಿಹೋಗುತ್ತದೆ’ ಎಂದಿದ್ದರೆ, ಫೆಡೋರಾದವರ ಪಟ್ಟಿಯಲ್ಲೇ ಅದರ ಕಾರಣ ಇರಬಹುದು.

ಹೆಡರ್ ಹಾಕಿದ್ದೇವಲ್ಲ ಎಂದರೆ ಮೇಕ್‌ಫೈಲ್‌ನಲ್ಲಿ ‘-ಎಸ್‌ಟಿಡಿ=ಸಿ99’ ಇದೆಯಾ ನೋಡಿ. ಅದು ಶುದ್ಧ ಸಿ ಮಾನದಂಡ ಕೇಳುವ ಆಯ್ಕೆ, ಆಗ ಹೆಡರ್‌ಗಳು ‘ಎಸ್‌ಟಿಆರ್‌ಡಪ್’, ‘ಯುಸ್ಲೀಪ್’ಗಳನ್ನು ಬಚ್ಚಿಡುತ್ತವೆ. ‘ಗ್ನೂ99’ ಅಥವಾ ‘ಗ್ನೂ17’ ಎಂದು ಬದಲಾಯಿಸಿದರೆ ಕಾಣಿಸಿಕೊಳ್ಳುತ್ತವೆ.

2025ರ ಜಿಸಿಸಿ 15ರಲ್ಲಿ ಮಾಮೂಲು ಮಾನದಂಡವೇ ಸಿ23 ಆಯಿತು. ‘ಬೂಲ್’, ‘ಟ್ರೂ’, ‘ಫಾಲ್ಸ್’ ಈಗ ಭಾಷೆಯ ಕೀವರ್ಡ್‌ಗಳು, ಸ್ವಂತ ಟೈಪ್‌ಡೆಫ್ ಅಥವಾ ಈನಮ್ ಮಾಡಿಕೊಂಡ ಕೋಡ್ ಮುರಿಯುತ್ತದೆ. ಖಾಲಿ ಆವರಣದ ಫಂಕ್ಷನ್ ಘೋಷಣೆಗೆ ಮೊದಲು ‘ಆರ್ಗ್ಯುಮೆಂಟ್ ಏನಾದರೂ ಇರಲಿ’ ಎಂದು ಅರ್ಥವಿತ್ತು, ಈಗ ‘ಏನೂ ಇಲ್ಲ’ ಎಂದರ್ಥ. ಕಾಲ್‌ಬ್ಯಾಕ್ ಪಾಯಿಂಟರ್‌ಗಳನ್ನು ಖಾಲಿ ಆವರಣ ಹಾಕಿ ಬರೆಯುವ ಅಭ್ಯಾಸ ಹಳೆಯ ಸೆನ್ಸರ್ ಕೋಡ್‌ನಲ್ಲಿ ತುಂಬಾ ಇದೆ, ಅವೆಲ್ಲ ‘ಟೂ ಮೆನಿ ಆರ್ಗ್ಯುಮೆಂಟ್ಸ್’ ಎನ್ನುತ್ತವೆ. ಇಂದಿಗೆ ಮೇಕ್‌ಫೈಲ್‌ನಲ್ಲಿ ‘-ಎಸ್‌ಟಿಡಿ=ಗ್ನೂ17’ ಹಾಕಿ ಬಿಡುಗಡೆ ಮಾಡಿ, ಬಿಡುವಾದಾಗ ಕಾಲ್‌ಬ್ಯಾಕ್‌ಗಳಿಗೆ ಸರಿಯಾದ ಆರ್ಗ್ಯುಮೆಂಟ್ ಬರೆಯಿರಿ. ಜಿಸಿಸಿ 14ರ ಎರರ್‌ಗಳನ್ನು ‘-ಎಫ್‌ಪರ್ಮಿಸಿವ್’ ಕೊಟ್ಟು ಮತ್ತೆ ಎಚ್ಚರಿಕೆಗೆ ಇಳಿಸಬಹುದು. ಹಾಗೆ ಮಾಡಬೇಡಿ, ಮೇಲಿನ ಕ್ರ್ಯಾಶ್ ಹಾಗೇ ಉಳಿಯುತ್ತದೆ.

ಇದಕ್ಕಿಂತ ಕಳ್ಳ ತೊಂದರೆ ‘ಕಾನ್ಫಿಗರ್’ ಸ್ಕ್ರಿಪ್ಟ್‌ನದು. ಅದು ಯಂತ್ರದಲ್ಲಿ ಏನೇನಿದೆ ಎಂದು ತಿಳಿಯಲು ಪುಟ್ಟ ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ನೋಡುತ್ತದೆ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಆ ಪುಟ್ಟ ಪ್ರೋಗ್ರಾಂಗಳೇ ಹೆಡರ್ ಇಲ್ಲದೆ ಬರೆದವು. ಹೊಸ ಕಂಪೈಲರ್ ಅವನ್ನು ತಿರಸ್ಕರಿಸಿದಾಗ ಸ್ಕ್ರಿಪ್ಟ್ ‘ಈ ಸೌಲಭ್ಯ ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಯಶಸ್ವಿ, ಒಂದು ಸೌಲಭ್ಯ ಮಾತ್ರ ಮಾಯ. ಹಳೆಯ ಮತ್ತು ಹೊಸ ಕಂಪೈಲರ್‌ನಲ್ಲಿ ಹುಟ್ಟಿದ ಎರಡು ‘ಕಾನ್ಫಿಗ್.ಎಚ್’ಗಳನ್ನು ‘ಡಿಫ್’ ಮಾಡಿ ನೋಡಿದರೆ ಒಂದೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ವ್ಯತ್ಯಾಸವಿದ್ದರೆ ‘ಆಟೋರೀಕಾನ್ಫ್ -ಎಫ್‌ಐ’ ಓಡಿಸಿ ಸ್ಕ್ರಿಪ್ಟ್ ಹೊಸದಾಗಿ ಹುಟ್ಟಿಸಿ. ನೀವೇ ಬರೆದ ಪರೀಕ್ಷೆಗಳಿದ್ದರೆ ಅವನ್ನು ಕೈಯಾರೆ ತಿದ್ದಬೇಕು.

ಬಿಡುಗಡೆಯ ಟಾರ್‌ಬಾಲ್‌ನಲ್ಲಿ ‘-ಡಬ್ಲ್ಯುಎರರ್’ (ಎಚ್ಚರಿಕೆಗಳನ್ನೂ ಎರರ್ ಮಾಡುವ ಆಯ್ಕೆ) ಇದ್ದರೆ ತೆಗೆಯಿರಿ. ಪ್ರತಿ ಹೊಸ ಕಂಪೈಲರ್ ಹೊಸ ಎಚ್ಚರಿಕೆಗಳನ್ನು ತರುತ್ತದೆ, ನಿಮ್ಮಲ್ಲಿಲ್ಲದ ಎಚ್ಚರಿಕೆಯಿಂದ ಬೇರೆಯವರ ಬಿಲ್ಡ್ ನಿಲ್ಲುವುದು ಯಾರಿಗೂ ಬೇಡ. ಅದು ನಿಮ್ಮ ಸ್ವಂತ ಪರೀಕ್ಷಾ ಯಂತ್ರದಲ್ಲಿರಲಿ, ಜೊತೆಗೆ ಒಂದು ‘ಫೆಡೋರಾ:42’ ಕಂಟೇನರೂ ಇರಲಿ. ನಿಜ ಯಂತ್ರದಲ್ಲೇ ನೋಡಬೇಕೆನಿಸಿದರೆ ಫಾಸ್ ಯುನೈಟೆಡ್ ಎಂಬ ಓಪನ್ ಸೋರ್ಸ್ ಸಂಘಟನೆಯ ಬೆಂಗಳೂರು ಮೀಟಪ್‌ಗಳಿಗೆ ಹೋಗಿ. ಆರ್ಚ್, ಫೆಡೋರಾ ಹಾಕಿಕೊಂಡ ಲ್ಯಾಪ್‌ಟಾಪ್‌ಗಳಿಗೆ ಅಲ್ಲಿ ಬರವಿರುವುದಿಲ್ಲ.

ಅಪ್‌ಡೇಟ್ ನಿಲ್ಲಿಸುವ ಮಾತು

ಅಪ್‌ಡೇಟ್ ಪೂರ್ತಿ ನಿಲ್ಲಿಸಿದರೆ ನೆಟ್‌ವರ್ಕ್‌ನಲ್ಲಿರುವ ಕಾರ್ಖಾನೆ ಯಂತ್ರದ ಭದ್ರತಾ ರಂಧ್ರಗಳು ತೆರೆದೇ ಉಳಿಯುತ್ತವೆ. ಕರ್ನಲ್ ಪ್ಯಾಕೇಜಿಗೆ ‘ಏಪಿಟಿ-ಮಾರ್ಕ್ ಹೋಲ್ಡ್’ ಹಾಕಿದರೂ ಅಷ್ಟೇ. ನಿಮಗೆ ಬೇಕಾದದ್ದು ಬದಲಾಗದ ಕರ್ನಲ್ ಸರಣಿ, ತೇಪೆಗಳು ಬರಲಿ. ಅದು ಉಬುಂಟುವಿನಲ್ಲೇ ಇದೆ: 22.04ರ ಮೂಲ 5.15 ಸರಣಿಗೆ 2027ರವರೆಗೆ, 24.04ರ ಮೂಲ 6.8ಕ್ಕೆ 2029ರವರೆಗೆ ತೇಪೆ ಬರುತ್ತದೆ, ಒಳಗಿನ ಫಂಕ್ಷನ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಬಹಳ ಹೊಸ ಮದರ್‌ಬೋರ್ಡ್ ಇದ್ದು 5.15ರಲ್ಲಿ ಅದರ ನೆಟ್‌ವರ್ಕ್ ಏಳದಿದ್ದರೆ ಮಾತ್ರ ಎಚ್‌ಡಬ್ಲ್ಯುಇ ಬೇಕು.

ಬದಲಾಯಿಸುವ ಕ್ರಮ ಹೀಗೆ. ‘ಲಿನಕ್ಸ್-ಜೆನೆರಿಕ್’ ಇನ್‌ಸ್ಟಾಲ್ ಮಾಡಿ, ಗ್ರಬ್ ಮೆನುವಿನಿಂದ 5.15ಕ್ಕೆ ಬೂಟ್ ಆಗಿ, ಕಾರ್ಡ್ ಕೆಲಸ ಮಾಡುತ್ತದೆಯೇ ನೋಡಿ. ಆಮೇಲೆ ಹೆಸರಿನಲ್ಲಿ ‘ಎಚ್‌ಡಬ್ಲ್ಯುಇ-22.04’ ಇರುವ ಮೆಟಾ ಪ್ಯಾಕೇಜ್‌ಗಳನ್ನು ತೆಗೆಯಿರಿ. ಅಷ್ಟಕ್ಕೇ ನಿಲ್ಲಿಸಬೇಡಿ. 6.8ರ ಇಮೇಜ್ ಪ್ಯಾಕೇಜ್‌ಗಳು ಡಿಸ್ಕ್‌ನಲ್ಲಿ ಉಳಿದಿದ್ದರೆ ಗ್ರಬ್ ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ಆರಿಸುತ್ತದೆ, ಮುಂದಿನ ರೀಬೂಟ್‌ಗೆ ಮತ್ತೆ ಅಲ್ಲಿಗೇ ಹೋಗುತ್ತೀರಿ. ಅವನ್ನೂ ಹೆಸರು ಹಿಡಿದು ‘ಪರ್ಜ್’ ಮಾಡಿ.

ಕರ್ನಲ್ ಬಂದಾಗ ರೀಬೂಟ್‌ಗೆ ಮುಂಚೆಯೇ ಡ್ರೈವರ್ ಕಟ್ಟಿದೆಯೇ ಎಂದು ನೋಡುವ ಒಂದು ಸಣ್ಣ ಸ್ಕ್ರಿಪ್ಟ್ ಇಡಿ. ಹೊಸ ಆವೃತ್ತಿಯ ಹೆಸರು ಕೊಟ್ಟು ‘ಡಿಕೆಎಂಎಸ್ ಆಟೋಇನ್‌ಸ್ಟಾಲ್ -ಕೆ’ ಓಡಿಸುವುದು, ಸೋತರೆ ನಿಮಗೊಂದು ಮೇಲ್ ಕಳಿಸುವುದು, ಇಷ್ಟೇ. ಸೋಲು ಬೆಳಗಿನ ಪಾಳಿಗೆ ಮುಂಚೆಯೇ ಗೊತ್ತಾಗುತ್ತದೆ.

ಅಪ್‌ಡೇಟ್ ನಡುವೆಯೇ ಕರೆಂಟ್ ಹೋಗುವ ಸಾಧ್ಯತೆಯೂ ಇದೆ. ಆಗ ಪ್ಯಾಕೇಜ್‌ಗಳು ಅರ್ಧ ಬಿಚ್ಚಿದ ಸ್ಥಿತಿಯಲ್ಲಿರುತ್ತವೆ, ಹೊಸ ಕರ್ನಲ್‌ನ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಮೊದಲ ಹಂತಕ್ಕೆ ಬೇಕಾದ ಕಡತ) ಹುಟ್ಟಿರುವುದಿಲ್ಲ, ಬೂಟ್ ಮಾಡಿದರೆ ‘ಅನೇಬಲ್ ಟು ಮೌಂಟ್ ರೂಟ್’ ಎಂದು ನಿಲ್ಲುತ್ತದೆ. ಗ್ರಬ್‌ನಿಂದ ಹಳೆಯ ಕರ್ನಲ್‌ಗೆ ಹೋಗಿ ‘ಡಿಪಿಕೆಜಿ --ಕಾನ್ಫಿಗರ್ -ಎ’, ಅದರ ನಂತರ ‘ಏಪಿಟಿ -ಎಫ್ ಇನ್‌ಸ್ಟಾಲ್’ ಕೊಡಿ. ಕೊನೆಗೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’ ಓಡಿಸಿ ರೀಬೂಟ್ ಮಾಡಿ. ಅಪ್‌ಡೇಟ್ ಓಡುವ ಹೊತ್ತನ್ನು ಸಿಸ್ಟಂಡಿ ಟೈಮರ್‌ನಲ್ಲಿ ಮಧ್ಯಾಹ್ನದ ಊಟದ ಸಮಯಕ್ಕೆ ಬದಲಾಯಿಸಿ, ಆ ಯಂತ್ರವೊಂದನ್ನಾದರೂ ಯುಪಿಎಸ್ ಮೇಲೆ ಇಡಿಸಿ.